ಬಾಗಿಲ ಸಂದಿಯ ಮಾತೆ

ವರ್ಷಕ್ಕೊಮ್ಮೆ ದೇವಕರೆಯ ಭಾನುವಾರ ಬಂತೆಂದರೆ ನನಗೆ ಬುಲಾವ್ ಬರುತ್ತಿತ್ತು. ಪುತ್ತೂರು, ಕಡಬ, ಸುಳ್ಯದ ಕಡೆಯ ಯಾವುದಾದರೊಂದು ಚರ್ಚಿನಲ್ಲಿ ಹೈಸ್ಕೂಲಿನ ಹುಡುಗಿಯರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಅವರ ಮುಂದೆ ನನ್ನನ್ನು ನಿಲ್ಲಿಸುತ್ತಿದ್ದರು. ದೇವರು ಕರೆದರೆ ಹೇಗೆ ಗೊತ್ತಾಗುತ್ತದೆ ಎಂದು ನಾನು ಆ ಮಕ್ಕಳಿಗೆ ಹೇಳಬೇಕು. ನಾನು ಕನ್ಯಾಸ್ತ್ರೀ. ನರಿಮೊಗರಿನ ಹತ್ತಿರ ನಮ್ಮದೊಂದು ಸಣ್ಣ ಕಾನ್ವೆಂಟು ಇದೆ, ಅಲ್ಲಿಂದ ದಿನಾ ಬಸ್ಸು ಹಿಡಿದು ಹೋಗಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಗಣಿತದ ಟೀಚರನ್ನು ಯಾರೂ ಆಸೆಪಟ್ಟು ಭಾಷಣಕ್ಕೆ ಕರೆಯುವುದಿಲ್ಲ. ನನ್ನನ್ನು ಕರೆಯುತ್ತಿದ್ದದ್ದು ನನ್ನ ಹತ್ತಿರ ಒಂದು ಒಳ್ಳೆಯ ಕತೆ ಇತ್ತೆಂದು.

ಕತೆ ಇಷ್ಟೇ. ನಾನು ಕೂಸಾಗಿದ್ದಾಗಲೇ ನನ್ನನ್ನು ನಮ್ಮ ಮನೆಯ ನಿತ್ಯಸಹಾಯ ಮಾತೆಯ ಚಿತ್ರಕ್ಕೆ ಒಪ್ಪಿಸಿದ್ದರು. ಆ ಮಾತೆ ನನ್ನನ್ನು ದಿನವೂ ನೋಡುತ್ತಿದ್ದಳು. ದೊಡ್ಡವಳಾದ ಮೇಲೆ ನಾನು ಹೊರಟೆ. ಹೇಳಿ ಹೇಳಿ ಆ ಕತೆ ಹಳೆಯ ಒನಕೆಯ ಹಾಗೆ ನುಣುಪಾಗಿತ್ತು. ಎಲ್ಲಿ ದನಿ ತಗ್ಗಿಸಿದರೆ ಹುಡುಗಿಯರು ಪಿಸುಮಾತು ನಿಲ್ಲಿಸುತ್ತಾರೆ ಎಂದು ಕೂಡ ನನಗೆ ಗೊತ್ತಿತ್ತು. ಈಗ ಭಾಷಣಕ್ಕೆ ಹೋಗುವುದಿಲ್ಲ. ಯಾಕೆಂದು ಕೇಳಿದವರಿಗೆ ಗಂಟಲು ಸರಿಯಿಲ್ಲ ಎಂದಿದ್ದೇನೆ. ಗಂಟಲಿಗೇನೂ ಆಗಿಲ್ಲ.

ಆ ಚಿತ್ರವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ಕಡುನೀಲಿ ಸೆರಗು ಹೊದ್ದ ತಾಯಿ, ತೋಳಲ್ಲಿ ಮಗು. ಮೇಲೆ ಎರಡು ಬದಿಯಲ್ಲಿ ಇಬ್ಬರು ದೇವದೂತರು. ಒಬ್ಬನ ಕೈಯಲ್ಲಿ ಈಟಿ, ಇನ್ನೊಬ್ಬನ ಕೈಯಲ್ಲಿ ಶಿಲುಬೆ. ಮಗು ಆ ಶಿಲುಬೆಯನ್ನು ಕಂಡು ಹೆದರಿದೆ. ತಾಯಿಯ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದೆ. ಓಡಿ ಬಂದ ರಭಸಕ್ಕೆ ಒಂದು ಕಾಲಿನ ಚಪ್ಪಲಿ ಕಳಚಿ ನೇತಾಡುತ್ತಿದೆ. ತಾಯಿ ಮಾತ್ರ ಮಗುವನ್ನು ನೋಡುತ್ತಿಲ್ಲ, ನಮ್ಮನ್ನು ನೋಡುತ್ತಿದ್ದಾಳೆ. ಇಷ್ಟು ಹೆದರಿದ ಮಗುವನ್ನು ಕೈಯಲ್ಲಿಟ್ಟುಕೊಂಡು ಈ ಹೆಂಗಸು ಬೇರೆಯವರ ಮುಖ ಯಾಕೆ ನೋಡುತ್ತಾಳೆ ಎಂದು ಚಿಕ್ಕವಳಿದ್ದಾಗ ನನಗೆ ಸಿಟ್ಟು ಬರುತ್ತಿತ್ತು.

ನಮ್ಮ ಮನೆಯ ಚಿತ್ರ ಅಮ್ಮಚ್ಚಿಯದು. ಅಮ್ಮಚ್ಚಿ ಎಂದರೆ ನನ್ನ ಅಪ್ಪನ ತಾಯಿ. ಕೇರಳದಿಂದ ಇಚಿಲಂಪಾಡಿಗೆ ಜಾಗ ಮಾಡಿಕೊಂಡು ಬಂದಾಗ ಮರಗೆಣಸಿನ ಕೋಲುಗಳ ಕಟ್ಟಿನೊಳಗೆ ಚಾಪೆ ಸುತ್ತಿ ಅದನ್ನು ತಂದಿದ್ದಳಂತೆ. ನಡುಮನೆಯ ಗೋಡೆಯಲ್ಲಿ ಅದು ತೂಗುತ್ತಿತ್ತು. ಪಕ್ಕದ ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ರಬ್ಬರ್ ಶೀಟುಗಳನ್ನು ಹೊಗೆಗೆ ಹಾಕುತ್ತಿದ್ದೆವು. ಅದೇ ಹೊಗೆ ಕುಡಿದು ಚಿತ್ರದ ಬಂಗಾರದ ಬಣ್ಣವೆಲ್ಲ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಮುಖಗಳು ಕಪ್ಪಾಗಿದ್ದವು. ತಾಯಿಯ ಕಣ್ಣಿನ ಬಿಳಿ ಮಾತ್ರ ಹಾಗೇ ಉಳಿದಿತ್ತು. ಮೂಲೆಗಳಲ್ಲಿ ಏನೋ ಅಕ್ಷರಗಳಿದ್ದವು, ಯಾರಿಗೂ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು ಮಾತಾಡುವ ನಮಗೆ ಇನ್ನೊಂದು ಭಾಷೆ ಇದ್ದೀತು ಎಂಬುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅದು ದೇವದೂತರ ಕೈಬರಹ ಎಂದು ಅಮ್ಮಚ್ಚಿ ಹೇಳಿದ್ದಳು.

ಸಂಜೆ ಕತ್ತಲಾಗುವ ಹೊತ್ತಿಗೆ ಚಿತ್ರದ ಮುಂದೆ ಚಾಪೆ ಹಾಸಿ ಪ್ರಾರ್ಥನೆ. ಅಮ್ಮಚ್ಚಿ ಮುಂದೆ, ಅಪ್ಪ ಗೋಡೆಗೊರಗಿ, ನನ್ನ ತಮ್ಮ ನಡುವೆ ಮೊಣಕಾಲೂರಿ. ನಾನು ಆ ಚಾಪೆಯ ಮೇಲೆ ಕೂತದ್ದೇ ಇಲ್ಲ. ಅಮ್ಮ ಅಡುಗೆಮನೆಯಲ್ಲೇ ನಿಂತು ಜಪಮಾಲೆ ಹೇಳುತ್ತಿದ್ದಳು, ಗಂಜಿ ಉಕ್ಕುತ್ತದೆ ಎಂಬುದು ಅವಳ ಕಾರಣ. ನನ್ನನ್ನೂ ಬಾಗಿಲ ಹಿಂದೆ ತನ್ನ ಕಾಲ ಬಳಿ ಕೂರಿಸಿಕೊಳ್ಳುತ್ತಿದ್ದಳು. ಎದ್ದು ಹೋಗದಂತೆ ಹೆಗಲ ಮೇಲೆ ಅವಳ ಕೈ ಇರುತ್ತಿತ್ತು. ಮೊಂಬತ್ತಿ ಹಚ್ಚುವ ಕೆಲಸ ತಮ್ಮನದು, ಚಿತ್ರಕ್ಕೆ ಹೂವಿಡುವುದೂ ಅವನೇ. ಹಬ್ಬದ ದಿನ ಅಮ್ಮಚ್ಚಿ ಎಲ್ಲರಿಂದ ಚಿತ್ರದ ಗಾಜಿಗೆ ಮುತ್ತಿಡಿಸುವಾಗ ಅಮ್ಮನಿಗೆ ಸರಿಯಾಗಿ ಅದೇ ಹೊತ್ತಿಗೆ ನನ್ನ ತಲೆಗೆ ಎಣ್ಣೆ ಹಾಕುವ ನೆನಪಾಗುತ್ತಿತ್ತು. ಇಲ್ಲವಾದರೆ ಪಕ್ಕದ ಮನೆಯಿಂದ ಮಜ್ಜಿಗೆ ತರಲು ಕಳಿಸುತ್ತಿದ್ದಳು.

ಮುಚ್ಚಿಟ್ಟದ್ದರ ಮೇಲೇ ಮಕ್ಕಳಿಗೆ ಕಣ್ಣು. ಬಾಗಿಲಿನ ಕೀಲಿನ ಕಡೆ ಒಂದು ಸಂದಿ ಇತ್ತು. ಅಲ್ಲಿ ಮುಖವಿಟ್ಟರೆ ಇಡೀ ಚಿತ್ರ ಕಾಣುತ್ತಿರಲಿಲ್ಲ. ಮಗು, ದೇವದೂತರು, ಶಿಲುಬೆ ಯಾವುದೂ ಇಲ್ಲ. ಮಾತೆಯ ಒಂದು ಕಣ್ಣು ಮಾತ್ರ. ಮೊಂಬತ್ತಿ ಅಲುಗಿದಾಗ ಅದೂ ಅಲುಗುತ್ತಿತ್ತು. ಚಾಪೆಯ ಮೇಲೆ ಕೂತವರನ್ನೆಲ್ಲ ದಾಟಿ ಅದು ನೇರ ನನ್ನ ಕಡೆಗೇ ಬರುತ್ತಿತ್ತು. ನನಗೆ ಮೈ ತಣ್ಣಗಾಗುತ್ತಿತ್ತು. ಆದರೂ ಮರುದಿನ ಮತ್ತೆ ಸಂದಿಗೆ ಮುಖವಿಡುತ್ತಿದ್ದೆ. ಅವಳು ಹುಡುಕುತ್ತಿದ್ದದ್ದು ನನ್ನನ್ನು, ತಮ್ಮನನ್ನಲ್ಲ ಎಂಬ ಹೆಮ್ಮೆಯೂ ಆ ಹೆದರಿಕೆಯಲ್ಲಿ ಸೇರಿತ್ತು.

ನನ್ನನ್ನು ಯಾಕೆ ಹೀಗೆ ಬೇರೆ ಇಡುತ್ತಾರೆ ಎಂಬುದಕ್ಕೆ ಉತ್ತರ ಒಂದು ಹುಂಜದಿಂದ ಸಿಕ್ಕಿತು. ಚರ್ಚಿನ ಹಬ್ಬಕ್ಕೆ ಹರಕೆ ಕೊಡಲೆಂದು ಪ್ರತಿ ವರ್ಷ ಒಂದು ಹುಂಜದ ಕಾಲಿಗೆ ಕೆಂಪು ದಾರ ಕಟ್ಟಿ ಬಿಡುತ್ತಿದ್ದೆವು. ಅದು ಮನೆಯ ಕೋಳಿಗಳ ಜೊತೆಗಿದ್ದರೂ ಮನೆಯದಲ್ಲ. ಅದನ್ನು ಯಾರೂ ಓಡಿಸುವುದಿಲ್ಲ, ಹಿಡಿಯುವುದಿಲ್ಲ, ಅದಕ್ಕೆ ಕಾಳು ಬೇರೆ. ಒಮ್ಮೆ ನಾನು ಅದನ್ನು ಎತ್ತಿಕೊಳ್ಳಲು ಹೋದಾಗ ಪಕ್ಕದ ಮನೆಯ ತುಳು ಹೆಂಗಸು ಬೇಲಿಯ ಆಚೆಯಿಂದ ತಡೆದಳು. ಅವರ ಮನೆಯಲ್ಲೂ ದೈವಕ್ಕೆ ಹರಕೆಯ ಕೋಳಿ ಬಿಡುವ ಕ್ರಮ ಇತ್ತು.

"ಬಿಟ್ಟದ್ದನ್ನು ಮುಟ್ಲಿಕ್ಕಿಲ್ಲ ಮಗಾ. ಅದು ಇನ್ನು ನಮ್ಮದಲ್ಲ," ಎಂದಳು.

ನಾನು ಅಲ್ಲೇ ನಿಂತುಬಿಟ್ಟೆ. ನನಗೂ ಊಟ ಎಲ್ಲರಿಗಿಂತ ಮೊದಲು. ನನಗೂ ಚಾಪೆಯಲ್ಲಿ ಜಾಗವಿಲ್ಲ. ಗಣಿತ ಆಗಲೇ ಒಳ್ಳೆಯದಿತ್ತು ನೋಡಿ, ಲೆಕ್ಕ ಕೂಡಿಸಿದೆ.

ಲೆಕ್ಕಕ್ಕೆ ಆಧಾರವೂ ಇತ್ತು. ನಮ್ಮವರಲ್ಲಿ ಮಗುವಿಗೆ ಜೋರು ಕಾಯಿಲೆ ಬಂದರೆ ಅಡಿಮೆ ಇಡುವುದೆಂದು ಒಂದು ಕ್ರಮ. ಅಡಿಮೆ ಎಂದರೆ ಆಳು, ಜೀತದ ಆಳು. ಮಗುವನ್ನು ಮಾತೆಯ ಕಾಲ ಕೆಳಗೆ ಮಲಗಿಸಿ, ಇನ್ನು ಇದು ನಿನ್ನ ಆಳು, ನೀನೇ ಕಾಪಾಡು ಎಂದು ಒಪ್ಪಿಸಿಬಿಡುತ್ತಾರೆ. ಮಗು ಗುಣವಾದ ಮೇಲೆ ಚರ್ಚಿಗೆ ಕೊಂಡುಹೋಗುತ್ತಾರೆ. ಪಾದ್ರಿಗಳು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಮನೆಯವರು ಕಾಣಿಕೆ ಹಾಕಿ ಮಗುವನ್ನು ಬಿಡಿಸಿಕೊಂಡು ಬರುತ್ತಾರೆ. ಬಿಡಿಸಿಕೊಳ್ಳದೆ ಹಾಗೇ ಬಿಟ್ಟರೆ ಆ ಮಗು ಮಾತೆಯದೇ. ಅಂಥ ಕೆಲವರು ಪಾದ್ರಿಗಳೋ ಸಿಸ್ಟರುಗಳೋ ಆದ ಕತೆಗಳನ್ನು ಅಮ್ಮಚ್ಚಿ ಹಪ್ಪಳ ಒಣಗಿಸುತ್ತಾ ಹೇಳುತ್ತಿದ್ದಳು.

ಒಂದು ದಿನ ಧೈರ್ಯ ಮಾಡಿ ಅಮ್ಮಚ್ಚಿಯನ್ನು ಕೇಳಿದೆ. ನನ್ನನ್ನೂ ಹುಂಜದ ಹಾಗೆ ಬಿಟ್ಟಿದ್ದೀರಾ ಎಂದು. ಅವಳು ನನ್ನ ತಲೆಯ ಮೇಲೆ ಕೈಯಿಟ್ಟು, ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು ಎಂದಳು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ನನಗೆ ಅಷ್ಟು ಸಾಕಾಯಿತು.

ಅಂದಿನಿಂದ ಆ ಕಣ್ಣು ಸಂದಿಯಲ್ಲಿ ಉಳಿಯಲಿಲ್ಲ. ಶಾಲೆಯ ದಾರಿಯಲ್ಲಿ ರಬ್ಬರ್ ಮರಗಳ ನಡುವೆ ಒಬ್ಬಳೇ ನಡೆಯುವಾಗ ಬೆನ್ನಿಗೆ ಅದು ತಾಗಿದ ಹಾಗಾಗುತ್ತಿತ್ತು. ಗೆಳತಿಯರು ಮುಂದೆ ಏನಾಗಬೇಕು ಎಂದು ಹರಟುವಾಗ ನಾನು ಸುಮ್ಮನಿರುತ್ತಿದ್ದೆ, ನನ್ನದು ಆಗಲೇ ಆಗಿಹೋಗಿತ್ತಲ್ಲ. ಒಬ್ಬ ಹುಡುಗ ಬಸ್ಸಿನಲ್ಲಿ ನನಗೆ ಸೀಟು ಹಿಡಿಯುತ್ತಿದ್ದ. ಅವನು ನಕ್ಕಾಗ ನಾನು ಹಿಂದೆ ತಿರುಗಿ ನೋಡುತ್ತಿದ್ದೆ. ಅಲ್ಲಿ ಕಂಡಕ್ಟರ್ ಬಿಟ್ಟು ಯಾರೂ ಇರುತ್ತಿರಲಿಲ್ಲ, ಆದರೂ ನನಗೆ ನಗಲು ಆಗುತ್ತಿರಲಿಲ್ಲ.

ಕಾನ್ವೆಂಟಿಗೆ ಸೇರುತ್ತೇನೆ ಎಂದು ಮನೆಯಲ್ಲಿ ಹೇಳಿದ ದಿನ ಅಮ್ಮಚ್ಚಿ ಸಂತೋಷದಿಂದ ಅತ್ತಳು. ಅಪ್ಪ ಎರಡು ಸಲ ಕೇಳಿ ಖಚಿತ ಮಾಡಿಕೊಂಡ. ಅಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಹಿತ್ತಲಿಗೆ ಹೋಗಿ, ಬೆಳಿಗ್ಗೆಯೇ ತೊಳೆದಿಟ್ಟಿದ್ದ ರಬ್ಬರ್ ಹಾಲಿನ ಟ್ರೇಗಳನ್ನು ಮತ್ತೆ ತೊಳೆಯಲು ಕೂತಳು. ಹರಕೆ ತೀರಿಸುವಾಗ ತಾಯಿಗೆ ಸಂಕಟ ಆಗದೆ ಇರುತ್ತದೆಯೇ ಎಂದುಕೊಂಡೆ. ಒಳಗೊಳಗೆ ನನ್ನ ಮೇಲೆ ನನಗೇ ಮೆಚ್ಚಿಗೆಯಾಯಿತು. ಅವಳ ಬಳಿ ಹೋಗಿ ಕೂರಬೇಕು ಎಂದು ಅನಿಸಲಿಲ್ಲ.

ಕಾನ್ವೆಂಟಿನ ಜೀವನದ ಬಗ್ಗೆ ಹೊರಗಿನವರಿಗೆ ಎರಡೇ ಕಲ್ಪನೆ: ಒಂದೋ ಸ್ವರ್ಗ, ಇಲ್ಲವೇ ಜೈಲು. ಅಲ್ಲಿಯೂ ಸಾಂಬಾರಿಗೆ ಉಪ್ಪು ಹೆಚ್ಚಾಗುತ್ತದೆ, ಅಲ್ಲಿಯೂ ಮಾತು ಬಿಟ್ಟವರು ಇರುತ್ತಾರೆ ಎಂದರೆ ನಂಬುವುದಿಲ್ಲ. ಕೆಲವು ವರ್ಷ ನನಗೆ ತುಂಬಾ ಕೆಟ್ಟದಾಗಿ ಹೋದವು. ಪ್ರಾರ್ಥನೆ ಬಾಯಿಪಾಠವಾಗಿತ್ತು, ಯಾರ ಮುಖ ಕಂಡರೂ ಸಿಡುಕು. ಒಮ್ಮೆ ಪೆಟ್ಟಿಗೆಗೆ ಬಟ್ಟೆ ತುಂಬಿಸಿಯೂ ಆಗಿತ್ತು. ಬಾಗಿಲು ದಾಟದಂತೆ ನನ್ನನ್ನು ಹಿಡಿದದ್ದು ದೇವರ ಪ್ರೀತಿ ಅಲ್ಲ, ಸತ್ಯ ಹೇಳುತ್ತೇನೆ. ಕೊಟ್ಟ ವಸ್ತು ತಾನಾಗಿ ಎದ್ದು ಹೇಗೆ ಹಿಂದೆ ಹೋದೀತು ಎಂಬ ಒಂದೇ ಯೋಚನೆ. ಪ್ರಾರ್ಥನಾ ಮಂದಿರದಲ್ಲಿ ಅದೇ ಮಾತೆಯ ಚಿತ್ರ ಇತ್ತು. ಅವಳ ಮುಂದೆ ನಿಂತು, ನಾನು ನಿನ್ನ ಅಡಿಮೆ, ನನಗೆ ಬೇರೆ ದಾರಿ ಇಲ್ಲ ಎಂದೆ. ಬಟ್ಟೆಯನ್ನು ಮತ್ತೆ ಕಪಾಟಿಗೆ ಇಟ್ಟೆ.

ಅಮ್ಮಚ್ಚಿ ಹೋದಳು, ಅಪ್ಪನೂ ಹೋದ. ಅಮ್ಮ ಇಚಿಲಂಪಾಡಿಯಲ್ಲಿ ತಮ್ಮನ ಸಂಸಾರದ ಜೊತೆಗಿದ್ದಾಳೆ. ಮೊಮ್ಮಕ್ಕಳಿಗೆ ಬೈಯುತ್ತಾ, ಸೊಸೆಯ ಮೀನುಸಾರನ್ನು ಹೊಗಳುತ್ತಾ ಚೆನ್ನಾಗಿಯೇ ಇದ್ದಾಳೆ. ಈಚೆಗೆ ಅವಳ ಕಣ್ಣಿಗೆ ಪೊರೆ ಬಂತು. ಪುತ್ತೂರಿನಲ್ಲಿ ಆಪರೇಷನ್ ಆಯಿತು. ಮನೆಯಲ್ಲಿ ರಬ್ಬರ್ ಹೊಗೆ, ಕಣ್ಣಿಗೆ ಆಗದು. ಹೊತ್ತು ಹೊತ್ತಿಗೆ ಔಷಧಿ ಬೇರೆ ಬಿಡಬೇಕು. ಸ್ವಲ್ಪ ದಿನ ಇಲ್ಲೇ ಇರಲಿ ಎಂದು ನಮ್ಮ ಕಾನ್ವೆಂಟಿನ ಮದರ್ ಅತಿಥಿಗಳ ಕೋಣೆ ಕೊಟ್ಟರು.

ಆ ಕೋಣೆಯ ಗೋಡೆಯಲ್ಲೂ ನಿತ್ಯಸಹಾಯ ಮಾತೆ ಇದ್ದಳು. ಹೊಸ ಪ್ರಿಂಟು, ಬಂಗಾರ ಥಳಥಳ. ಕಪ್ಪು ಕನ್ನಡಕದೊಳಗಿಂದ ಅಮ್ಮ ಮೊದಲ ದಿನ ಅದನ್ನು ನೋಡಿದವಳೇ ಕುರ್ಚಿಯನ್ನು ತಿರುಗಿಸಿ ಗೋಡೆಗೆ ಬೆನ್ನು ಹಾಕಿ ಕೂತಳು. ಮರುದಿನ ಮಧ್ಯಾಹ್ನ ನಾನು ಊಟ ತೆಗೆದುಕೊಂಡು ಹೋದಾಗ ಅದನ್ನು ಅಲ್ಲಿಂದ ತೆಗೆ ಎಂದಳು. ಬೆಳಕು ಕಣ್ಣಿಗೆ ಹೊಡೆಯುತ್ತದೆಯಾ ಎಂದು ಕೇಳಿದೆ. ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. ನನ್ನ ಹತ್ತಿರ ಅವಳ ಮಾತು ಅರ್ಧ ಮಲಯಾಳ, ಅರ್ಧ ನಮ್ಮ ಕಡೆಯ ಕನ್ನಡ. ಮಗಳೇ ಎನ್ನಲು ಮೋಳೆ ಎನ್ನುತ್ತಾಳೆ.

"ಬೆಳಕು ಅಲ್ಲ ಮೋಳೆ. ಅವಳ ಕೈಯಲ್ಲಿ ಉಂಟಲ್ಲ ಮಗು, ಅದು ನಂದು," ಎಂದಳು.

ಕಣ್ಣಿಗೆ ಬಿಟ್ಟ ಔಷಧಿಯಿಂದ ತಲೆ ಸುತ್ತಿರಬೇಕು ಎಂದು ನಾನು ಭಾವಿಸಿದೆ. ಅವಳು ಸಮಾಧಾನವಾಗಿಯೇ ಹೇಳತೊಡಗಿದಳು. ನನಗಿಂತ ಮೊದಲು ಅವಳಿಗೆ ಒಂದು ಗಂಡುಮಗು ಹುಟ್ಟಿ ಹೋಗಿತ್ತು. ಮೊದಲನೆಯದು ಉಳಿಯಲಿಲ್ಲ ಎಂದಷ್ಟೇ ನನಗೆ ಗೊತ್ತಿತ್ತು. ಆ ಕಾಲದಲ್ಲಿ ಪ್ರತಿ ಮನೆಯಲ್ಲೂ ಉಳಿಯದ ಒಂದು ಮಗು ಇರುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಮಗುವಿಗೆ ಜ್ವರ ಏರಿ ಇಳಿಯದೆ ಹೋದಾಗ, ಅಮ್ಮ ದಣಿದು ಕಣ್ಣು ಮುಚ್ಚಿದ್ದ ಹೊತ್ತಿನಲ್ಲಿ, ಅಮ್ಮಚ್ಚಿ ಅದನ್ನು ಅವಳ ಪಕ್ಕದಿಂದ ಎತ್ತಿಕೊಂಡು ಹೋಗಿ ಚಿತ್ರದ ಕೆಳಗೆ ಮಲಗಿಸಿ ಅಡಿಮೆ ಇಟ್ಟಳು. ಅಮ್ಮ ಎದ್ದು ನೋಡುವಾಗ ಮಗು ನೆಲದ ಮೇಲೆ, ಮೇಲಿಂದ ಆ ಕಣ್ಣು. ಹೊಳೆ ತುಂಬಿ ಸೇತುವೆ ಮುಳುಗಿತ್ತು. ಆಸ್ಪತ್ರೆಗೂ ಹೋಗಲಾಗಲಿಲ್ಲ, ಚರ್ಚಿಗೂ ಹೋಗಲಾಗಲಿಲ್ಲ. ಮಗು ಹೋಯಿತು. ಅದನ್ನು ಬಿಡಿಸಿಕೊಂಡು ಬರಲೇ ಇಲ್ಲ ಎಂಬುದು ಅಮ್ಮನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಆಮೇಲೆ ಆ ಚಿತ್ರವನ್ನು ನೋಡಿದಾಗಲೆಲ್ಲ ಅವಳಿಗೆ, ಹೆದರಿ ಬೆರಳು ಹಿಡಿದ ಆ ಮಗುವಿನ ಮುಖ ತನ್ನ ಮಗುವಿನದೇ ಎಂದು ಕಾಣುತ್ತಿತ್ತು. ತಾಯಿಯನ್ನು ಹುಡುಕಿ ಓಡಿ ಬಂದ ಹಾಗೆ, ಬಂದು ಬೇರೆಯವಳ ಕೈಗೆ ಸಿಕ್ಕಿಬಿದ್ದ ಹಾಗೆ.

"ನೀನು ಹುಟ್ಟಿದ ಮೇಲೆ ನಾನು ಗಟ್ಟಿ ಮಾಡಿದೆ. ಇವಳನ್ನು ಅವಳ ಕಣ್ಣಿಗೆ ಹಾಕುದೇ ಇಲ್ಲ ಅಂತ. ಅದಕ್ಕೇ ಬಾಗಿಲ ಹಿಂದೆ ಕೂರಿಸ್ತಾ ಇದ್ದದ್ದು. ತಮ್ಮ ಹುಟ್ಟಿದಾಗ ಅಮ್ಮಚ್ಚಿಯೇ ಅವನನ್ನು ಎತ್ತಿಕೊಂಡಳು, ನಂಗೆ ಇಬ್ಬರನ್ನೂ ಕಾಯ್ಲಿಕ್ಕೆ ಆಗ್ಲಿಲ್ಲ. ನಿನ್ನನ್ನು ಯಾರೂ ಕೊಟ್ಟಿಲ್ಲ, ಮೋಳೆ. ನಾನು ಅಡಗಿಸಿ ಇಟ್ಟದ್ದು ನಿನ್ನನ್ನು."

ಆಮೇಲೆ ಇಷ್ಟು ವರ್ಷ ಯಾರನ್ನೂ ಕೇಳಲಾಗದೆ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದಳು. "ಆದ್ರೂ ಅವಳು ನಿನ್ನನ್ನು ಹೇಗೆ ಕಂಡದ್ದು?"

ಬಾಗಿಲ ಸಂದಿಯ ವಿಷಯ ನನ್ನ ನಾಲಗೆಯ ತುದಿಗೆ ಬಂತು. ಹೇಳಲಿಲ್ಲ. ಗೋಡೆಯಿಂದ ಚಿತ್ರ ಇಳಿಸಿ ಎದೆಗೆ ಒತ್ತಿಕೊಂಡು ಹೊರಗೆ ಬಂದೆ. ಕಾರಿಡಾರಿನಲ್ಲಿ ಎದುರಾದ ಚಿಕ್ಕ ಸಿಸ್ಟರ್ ಧೂಳು ಹೊಡೆಯಲು ಕೊಡಿ ಎಂದು ಕೈ ಚಾಚಿದಳು. ಕೊಡದೆ ನನ್ನ ಕೋಣೆಗೆ ತಂದು ಗೋಡೆಗೆ ಮುಖ ಮಾಡಿ ಇಟ್ಟೆ.

ಆ ದಿನಗಳಲ್ಲಿ ನನಗೆ ಸಿಟ್ಟು ಬಂದಷ್ಟು ಯಾವತ್ತೂ ಬಂದಿಲ್ಲ. ಸತ್ತ ಅಮ್ಮಚ್ಚಿಯ ಮೇಲೆ ಸಿಟ್ಟು, ಬಾಯಿಗೆ ಬೀಗ ಹಾಕಿಕೊಂಡಿದ್ದ ಅಮ್ಮನ ಮೇಲೆ ಸಿಟ್ಟು, ಹುಂಜದ ಮೇಲೆ ಕೂಡ. ಯಾರೂ ಬೀಸದ ಬಲೆಗೆ ನಾನಾಗಿ ಹೋಗಿ ಬಿದ್ದಿದ್ದೆ. ಬಸ್ಸಿನಲ್ಲಿ ಸೀಟು ಹಿಡಿಯುತ್ತಿದ್ದ ಹುಡುಗನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಶಾಲೆಯಲ್ಲಿ ಬೋರ್ಡಿನ ಮೇಲೆ ಸಮೀಕರಣ ಅರ್ಧ ಬರೆದು ನಿಲ್ಲಿಸಿದೆ, ಮಕ್ಕಳು ಕಾದರು. ಪ್ರಾರ್ಥನೆಯ ಹೊತ್ತಿನಲ್ಲಿ ಮಾತೆಯ ಮುಖ ನೋಡಲು ಆಗುತ್ತಿರಲಿಲ್ಲ, ಅವಳ ಕೈಯ ಮಗುವಿನ ಮೇಲೇ ಕಣ್ಣು ಹೋಗುತ್ತಿತ್ತು. ಅಮ್ಮ ಹೇಳಿದ್ದು ಸರಿ. ಆ ಮುಖದಲ್ಲಿ ನಮ್ಮ ಮನೆಯವರ ಹಣೆ ಇತ್ತು. ಅವನು ನೋಡುತ್ತಿದ್ದದ್ದು ಶಿಲುಬೆಯನ್ನಲ್ಲ ಎಂದು ನನಗೆ ಅನಿಸತೊಡಗಿತು. ನಾನು ಕೂತ ಕಡೆಯಿಂದ ಮುಖ ತಿರುಗಿಸಿಕೊಂಡಿದ್ದ, ಅಷ್ಟೆ. ಅವನ ಪಾಲಿಗೆ ಬಂದ ಅಡಿಮೆಯನ್ನು ನಾನು ಇಷ್ಟು ವರ್ಷ ನನ್ನದೆಂದು ಹೇಳಿಕೊಂಡು ತಿರುಗಿದ್ದೆ.

ಔಷಧಿ ಬಿಡುವ ದಿನಗಳು ಮುಗಿದ ಮೇಲೆ ಅಮ್ಮನನ್ನು ನಾನೇ ಬಸ್ಸಿನಲ್ಲಿ ಮನೆಗೆ ಕರೆದುಕೊಂಡು ಹೋದೆ. ಕಿಟಕಿ ಬದಿ ಕೂತು ಅವಳು ಹೊಸ ಕಣ್ಣಿನಿಂದ ಎಲ್ಲವನ್ನೂ ನೋಡಿದಳು. ಕೊಯಿಲದ ಫಾರ್ಮಿನ ಬಯಲು ಬಂದಾಗ, ಈಗ ಕಲ್ಲು ಬೇರೆ ದನ ಬೇರೆ ಕಾಣುತ್ತದೆ ಎಂದು ಖುಷಿಪಟ್ಟಳು. ನಾನು ಹೂಂ ಎಂದೆ. ನಾವಿಬ್ಬರೂ ಆ ಮಾತನ್ನು ಮತ್ತೆ ಎತ್ತಿರಲಿಲ್ಲ.

ಮನೆಯಲ್ಲಿ ತಮ್ಮ ರಬ್ಬರ್ ಟ್ಯಾಪಿಂಗಿಗೆ ಬಂದವರ ಲೆಕ್ಕ ನೋಡುತ್ತಾ ಹೊರಗಿದ್ದ, ಅವನ ಹೆಂಡತಿ ಮಕ್ಕಳನ್ನು ಶಾಲೆಯಿಂದ ಕರೆತರಲು ಹೋಗಿದ್ದಳು. ಅಮ್ಮ ನಡುಮನೆಯಲ್ಲಿ ಚಿತ್ರದ ಎದುರಿಗೇ ಕೂತಳು. ಹಾಗೆ ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನಗೆ ಅಲ್ಲಿ ಸುಖ ಇಲ್ಲದಿದ್ದರೆ ಬಂದುಬಿಡು ಎಂದಳು. ತಮ್ಮನ ಹತ್ತಿರ ಮಾತಾಡಿ ಆಗಿತ್ತಂತೆ, ಒಂದು ಕೋಣೆ ಖಾಲಿ ಮಾಡಿಸುತ್ತಾನಂತೆ. ಊರವರ ಬಾಯಿಗೆ ಅವಳು ಹೆದರುವುದಿಲ್ಲವಂತೆ. ನನ್ನ ಹೆಬ್ಬೆರಳನ್ನು ಹಿಡಿದುಕೊಂಡು ಒಂದು ಮಾತು ನಿಜ ಹೇಳಬೇಕು ಎಂದಳು.

"ನಿನ್ನನ್ನು ಅವಳು ಕರ್ಕೊಂಡು ಹೋದದ್ದಾ, ನೀನೇ ಹೋದದ್ದಾ?"

ಆಗ ನನಗೆ ಅರ್ಥವಾಯಿತು. ಇಷ್ಟು ವರ್ಷ ಅಮ್ಮನ ಲೆಕ್ಕದಲ್ಲಿ ಆ ಮಾತೆ ಕೊಂಡುಹೋದ ಮಕ್ಕಳು ಇಬ್ಬರು. ಒಂದನ್ನು ಕೇಳದೆ ಕೊಟ್ಟರು. ಇನ್ನೊಂದನ್ನು ಎಷ್ಟು ಅಡಗಿಸಿದರೂ ಬಿಡಲಿಲ್ಲ. ಈ ಹೆಂಗಸು ತನ್ನ ಜೀವಮಾನವಿಡೀ ದೇವರ ತಾಯಿಯ ಜೊತೆ ಜಗಳ ಕಟ್ಟಿಕೊಂಡು, ಅದೇ ಬಾಯಿಯಿಂದ ಅವಳ ಜಪಮಾಲೆಯನ್ನೂ ಹೇಳಿದ್ದಳು. ಮಾತೆಯೇ ಕರೆದೊಯ್ದಳು ಎಂದು ನಾನು ಹೇಳಿದರೆ ಅಮ್ಮ ಈ ಜಗಳವನ್ನು ತೀರಿಸದೆಯೇ ಸಾಯುತ್ತಾಳೆ. ನಾನೇ ಹೋದೆ ಎಂದರೆ, ಬಾಗಿಲ ಹಿಂದೆ ನನ್ನನ್ನು ಕಾದು ಕೂತವಳನ್ನು ಹಿತ್ತಲಿನಲ್ಲಿ ಟ್ರೇ ತೊಳೆಯಲು ಬಿಟ್ಟು ಹೋದವಳು ನಾನಾಗುತ್ತೇನೆ. ನಿಜ ಯಾವುದೆಂದು ನನಗೇ ತಿಳಿದಿರಲಿಲ್ಲ.

"ನಾನೇ ಹೋದದ್ದು ಅಮ್ಮ," ಎಂದೆ. "ನಂಗೆ ಹೋಗ್ಬೇಕಂತ ಇತ್ತು."

ಅವಳು ಬೆರಳು ಬಿಡಲಿಲ್ಲ. ಹೊರಗೆ ತಮ್ಮ ಯಾರನ್ನೋ ಕರೆಯುತ್ತಿದ್ದ. ಅವಳ ಹೊಸ ಕಣ್ಣಿನಿಂದ ನೀರು ಹರಿಯಿತು, ಒರೆಸಬೇಡ ಎಂದು ಡಾಕ್ಟರು ಹೇಳಿದ್ದರಿಂದ ಒರೆಸದೆ ಕೂತಳು.

"ಮಕ್ಕಳು ಬಿಟ್ಟು ಹೋಗ್ತಾರೆ," ಎಂದಳು ಕೊನೆಗೆ. "ಅದನ್ನು ತಡ್ಕೊಳ್ಬಹುದು."

ಆಮೇಲೆ ಎದ್ದು ನನಗೆ ಚಹಾ ಮಾಡಲು ಹೋದಳು.

ಮರುದಿನ ಕಾನ್ವೆಂಟಿನಲ್ಲಿ ಬೆಳಗಿನ ಗಂಟೆ ಹೊಡೆದಾಗ ನಾನು ಎಚ್ಚರವಾಗಿಯೇ ಮಲಗಿದ್ದೆ. ಏಳದೆ ಇರಬಹುದು ಎಂಬುದು ನನಗೆ ಮೊದಲ ಸಲ ಹೊಳೆಯಿತು. ಎದ್ದು ಹೋಗದಿದ್ದರೆ ಯಾವ ಹರಕೆಯೂ ಮುರಿಯುವುದಿಲ್ಲ, ಯಾರ ವಸ್ತುವೂ ಕಳೆಯುವುದಿಲ್ಲ. ಬೆನ್ನಿಗೆ ಯಾವ ಕಣ್ಣೂ ತಾಗುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಆ ಕಣ್ಣಿಗೆ ಹೆದರಿದ್ದಕ್ಕಿಂತ ಹೆಚ್ಚು ಅಂದು ಅದು ಇಲ್ಲದ್ದಕ್ಕೆ ಹೆದರಿದೆ. ಸಿಸ್ಟರುಗಳ ಚಪ್ಪಲಿ ಸದ್ದು ಬಾಗಿಲ ಮುಂದೆ ಹಾದು ಹೋಗಿ, ಪ್ರಾರ್ಥನೆ ಶುರುವಾದದ್ದೂ ಕೇಳಿಸಿತು. ಆಮೇಲೆ ಎದ್ದೆ. ಈಗಲೂ ದಿನಾ ಏಳುತ್ತೇನೆ, ಏಳಲೇಬೇಕೆಂದೇನೂ ಇಲ್ಲ ಎಂದು ಗೊತ್ತಿದ್ದುಕೊಂಡು. ಕೆಲವು ದಿನ ತಡವಾಗುತ್ತದೆ.